ಹಳೇ ಸ್ಟೇಡಿಯಂ ಒಡೆಯುವ ಮುಂಚೆ: ಮೊದಲು ವೇಳಾಪಟ್ಟಿ, ಆಮೇಲೆ ನಕ್ಷೆ

ಊರಿನ ಹಳೇ ಸ್ಟೇಡಿಯಂ ಅಭಿವೃದ್ಧಿಗೆ ಹಣ ಮಂಜೂರಾಯಿತು ಅಂದ ಕೂಡಲೇ ಮೊದಲು ಹೊರಬರುವುದು ಒಂದು ಬಣ್ಣದ ಚಿತ್ರ. ನೀಲಿ ಟ್ರ್ಯಾಕ್, ಬಿಳಿ ಚಾವಣಿ, ಹಚ್ಚ ಹಸಿರು ಹುಲ್ಲು, ಮೂಲೆಯಲ್ಲೊಂದು ಕಾರಂಜಿ. ಪೇಪರಿನಲ್ಲಿ ಬರುತ್ತದೆ, ಎಲ್ಲರಿಗೂ ಖುಷಿ. ಆ ಚಿತ್ರ ಒಮ್ಮೆ ಹೊರಬಿದ್ದ ಮೇಲೆ ಏನನ್ನಾದರೂ ಬದಲಾಯಿಸುವುದು ಬಹಳ ಕಷ್ಟ. ಅದಕ್ಕೇ ನಾನು ಇಲ್ಲಿ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಚಿತ್ರಕ್ಕೆ ಮುಂಚಿನವು.

ನಾನು ನಗರಾಡಳಿತದಲ್ಲಿ ಸಿವಿಲ್ ಇಂಜಿನಿಯರ್ ಆಗಿದ್ದವಳು. ಗ್ಯಾಲರಿ ರಿಪೇರಿ, ಟ್ರ್ಯಾಕ್, ಚರಂಡಿ, ಮಳಿಗೆ ಹರಾಜು, ಇವೆಲ್ಲದರ ಫೈಲುಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಈಗ ನಿವೃತ್ತಿಯಾಗಿದೆ. ಆದರೂ ಬೇರೆ ಬೇರೆ ಊರಿನ ಕ್ರೀಡಾ ಕ್ಲಬ್ಬಿನವರು, ವಾರ್ಡಿನ ಸದಸ್ಯರು, ಹೊಸದಾಗಿ ಸೇರಿದ ಜೂನಿಯರ್ ಇಂಜಿನಿಯರುಗಳು ಫೋನ್ ಮಾಡಿ ಕೇಳುತ್ತಾರೆ: "ಎಲ್ಲಿಂದ ಶುರು ಮಾಡೋದು ಮೇಡಂ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಾತು ಒಂದೇ. ಈ ಜಾಗವನ್ನು ಯಾರು, ಯಾವ ಹೊತ್ತಿನಲ್ಲಿ, ಯಾತಕ್ಕೆ ಬಳಸುತ್ತಾರೆ ಅನ್ನುವುದು ಮೊದಲು ತೀರ್ಮಾನವಾಗಬೇಕು. ಕಟ್ಟಡ ಅದರ ಹಿಂದೆ ಬರಬೇಕು.

ಗೇಟಿನ ಹತ್ತಿರ ಕೂತು ಬರೆದುಕೊಳ್ಳಿ

ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಗ್ಗೆ 5ರಿಂದ ರಾತ್ರಿ 9ರವರೆಗೆ ಅರ್ಧರ್ಧ ಗಂಟೆಗೆ ಒಂದು ಸಾಲು ಎಳೆಯಿರಿ. ಒಂದು ವಾರದ ದಿನ, ಒಂದು ಭಾನುವಾರ, ಒಂದು ಮಳೆ ಬಂದ ದಿನ, ಇಷ್ಟಕ್ಕಾದರೂ ಲೆಕ್ಕ ಬೇಕು. ಒಬ್ಬರ ಕೈಲಿ ಆಗುವುದಿಲ್ಲ, ಪಾಳಿ ಹಾಕಿಕೊಳ್ಳಿ. ಕಾಲೇಜು ಹುಡುಗರನ್ನು ಕರೆದರೆ ಬರುತ್ತಾರೆ.

ಏನೇನು ಕಾಣುತ್ತದೆ ಗೊತ್ತಾ? ಐದೂಕಾಲಿಗೆ ಪೊಲೀಸ್ ನೇಮಕಾತಿಗೆ ಓಡುವ ಹುಡುಗರು ಬಂದಿರುತ್ತಾರೆ. ಅವರಿಗೆ 1600 ಮೀಟರ್ ಓಡಬೇಕು, ಅಂದರೆ ಸರಿಯಾಗಿ ನಾಲ್ಕು ಸುತ್ತು. ಐದೂಮುಕ್ಕಾಲಿಗೆ ವಾಕಿಂಗ್‌ನವರು. ಆರಕ್ಕೆ ಗೇಟಿನ ಹೊರಗೆ ರಾಗಿ ಅಂಬಲಿ, ಮೊಳಕೆ ಕಾಳು ಮಾರುವವರು. ಏಳಕ್ಕೆ ಟೆನಿಸ್ ಬಾಲ್ ಕ್ರಿಕೆಟ್. ಹನ್ನೊಂದರ ಮೇಲೆ ಗ್ಯಾಲರಿಯ ನೆರಳಿನಲ್ಲಿ ಬಸ್ಸಿಗೆ ಕಾಯುವವರು, ಓದುವ ಹುಡುಗರು. ಸಂಜೆ ನಾಲ್ಕಕ್ಕೆ ಖೋಖೋ, ಕಬಡ್ಡಿ, ಅಥ್ಲೆಟಿಕ್ಸ್ ಮಕ್ಕಳು. ಮಧ್ಯಾಹ್ನ ಊಟದ ಹೊತ್ತಿಗೆ ನಲ್ಲಿಯಲ್ಲಿ ನೀರು ಹಿಡಿಯಲು ಬರುವ ಆಟೋದವರನ್ನೂ ಬರೆದುಕೊಳ್ಳಿ. ಆ ನಲ್ಲಿ ಅವರಿಗೆ ಬೇಕು.

ಬರುವವರಷ್ಟೇ ಮುಖ್ಯ, ಬರದವರು. ಸಂಜೆ ಆರರ ನಂತರ ಹೆಣ್ಣುಮಕ್ಕಳ ಸಾಲು ಖಾಲಿ ಇದ್ದರೆ ಸುಮ್ನೆ ಬಿಡಬೇಡಿ, ಕೇಳಿ. ಒಂದು ಊರಿನಲ್ಲಿ ಖೋಖೋ ಹುಡುಗಿಯರು ಐದೂವರೆಗೇ ಹೊರಟುಬಿಡುತ್ತಿದ್ದರು. ದೂರದಿಂದ ಬರುತ್ತಾರೆ, ಮನೆಯಲ್ಲಿ ಬೈತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಕೂತು ಮಾತಾಡಿಸಿದಾಗ ಗೊತ್ತಾಗಿದ್ದು ಬೇರೆ. ಶೌಚಾಲಯ ಪೆವಿಲಿಯನ್ ಹಿಂದೆ, ಕತ್ತಲಲ್ಲಿ. ಅದಕ್ಕೆ ಬೀಗ. ಕೀಲಿ ವಾಚ್‌ಮನ್ ಹತ್ತಿರ. ವಾಚ್‌ಮನ್ ಡ್ಯೂಟಿಗೆ ಬರುವುದು ಆರು ಗಂಟೆಗೆ. ಆ ಮಕ್ಕಳು ಮಧ್ಯಾಹ್ನದಿಂದ ನೀರೇ ಕುಡಿಯದೆ ಆಡುತ್ತಿದ್ದರು. ಇದು ಯಾವ ಡಿಪಿಆರ್‌ನಲ್ಲೂ, ಅಂದರೆ ಕಾಮಗಾರಿಯ ಯೋಜನಾ ವರದಿಯಲ್ಲೂ, ಸಿಗುವುದಿಲ್ಲ. ಶೌಚಾಲಯದ ಬಾಗಿಲು ಜನ ಓಡಾಡುವ ಕಡೆಗೆ, ಬೆಳಕಿಗೆ ಮುಖ ಮಾಡಿರಬೇಕು ಅಂತ ನಾನು ಎಲ್ಲ ಕಡೆ ಪಟ್ಟು ಹಿಡಿಯುವುದು ಅದಕ್ಕೇ.

ಇದರ ಜೊತೆಗೆ ವರ್ಷದ ಪಟ್ಟಿಯೊಂದು ಮಾಡಿ. ಆಗಸ್ಟ್ 15, ನವೆಂಬರ್ 1, ಜನವರಿ 26ರ ಕವಾಯತು. ದೀಪಾವಳಿಯ ಪಟಾಕಿ ಅಂಗಡಿಗಳು. ವಸ್ತು ಪ್ರದರ್ಶನ, ಸರ್ಕಸ್ಸು, ಚುನಾವಣೆ ಸಭೆ, ದಸರಾ ಕ್ರೀಡಾಕೂಟ, ಸೇನಾ ಭರ್ತಿ. ಒಂದೊಂದೂ ಎಷ್ಟು ದಿನ ಮೈದಾನ ಹಿಡಿದಿಡುತ್ತದೆ ಅಂತ ಬರೆಯಿರಿ. ಕಾರ್ಯಕ್ರಮ ಒಂದು ದಿನದ್ದಾದರೂ ಪೆಂಡಾಲ್ ಹಾಕಲು, ಬಿಚ್ಚಲು, ಮೊಳೆ ಹೆಕ್ಕಲು ಇನ್ನೂ ದಿನಗಳು ಹೋಗುತ್ತವೆ. ನಿಮ್ಮ ಊರಿನ ಜಾಗ ಈಗಾಗಲೇ ಬಹುಪಯೋಗಿ ಅನ್ನುವುದು ಈ ಪಟ್ಟಿಯಿಂದ ತಿಳಿಯುತ್ತದೆ. ಒಂದಕ್ಕೊಂದು ಅಡ್ಡ ಬರದ ಹಾಗೆ ಜೋಡಿಸುವುದೇ ನಿಜವಾದ ಕೆಲಸ.

ನೆಲದ ಕಾಗದ

ಪಹಣಿ, ಸಿಟಿ ಸರ್ವೆ ದಾಖಲೆ, ಹಳೇ ಗ್ರಾಮ ನಕ್ಷೆ ಮೂರನ್ನೂ ತೆಗೆಸಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಕ್ಷೆಯಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಕೆರೆ ಮತ್ತು ರಾಜಕಾಲುವೆ. ನಮ್ಮ ಹಳೇ ಸ್ಟೇಡಿಯಂಗಳಲ್ಲಿ ಎಷ್ಟೋ ಕೆರೆಯಂಗಳದಲ್ಲೇ ಎದ್ದವು. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕರಗದ ವಿಧಿಗಳಿಗಾಗಿ ಉಳಿಸಿಕೊಂಡ ಪುಟ್ಟ ಕೊಳ ಇವತ್ತಿಗೂ ಅದರ ಪಕ್ಕದಲ್ಲಿದೆ. ಹಾಕಿ ಸ್ಟೇಡಿಯಂ ಇರುವುದು ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ. ನೀರು ತನ್ನ ಹಳೇ ದಾರಿ ಮರೆಯುವುದಿಲ್ಲ. ನಿಮ್ಮ ಮೈದಾನ ತಗ್ಗಿನಲ್ಲಿದ್ದರೆ ಚರಂಡಿಗೆ ಎಸ್ಟಿಮೇಟ್‌ನಲ್ಲಿ ದೊಡ್ಡ ಪಾಲು ಇಡಿ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಬಂದು ಸರ್ವೆ ಮಾಡಿದವರಿಗೆ ಅದನ್ನು ತೋರಿಸಬೇಕಾಗುತ್ತದೆ.

ಆಟದ ಮೈದಾನ, ಪಾರ್ಕುಗಳನ್ನು ಕಾಪಾಡಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಮೈದಾನದ ಒಂದು ಮೂಲೆಯಲ್ಲಿ ಕಾಂಪ್ಲೆಕ್ಸ್ ಕಟ್ಟುವ ಮಾತು ಬಂದರೆ ಆ ಕಾಯ್ದೆಯ ಪ್ರತಿ ಕೈಯಲ್ಲಿಟ್ಟುಕೊಂಡೇ ಸಭೆಗೆ ಹೋಗಿ.

ಒಡೆಯಬೇಕಾ, ಉಳಿಸಬೇಕಾ?

"ಹಳೇದಾಯ್ತು, ಅಪಾಯ, ಒಡೆದುಬಿಡೋಣ." ಗ್ಯಾಲರಿಯ ಕೆಳಗೆ ನಾಲ್ಕು ಕಡೆ ಸಿಮೆಂಟ್ ಉದುರಿ ಕಂಬಿ ಕಂಡರೆ ಸಾಕು, ಈ ಮಾತು ಶುರುವಾಗುತ್ತದೆ. ನಿಜವಾಗಿ ಒಡೆಯಲೇಬೇಕಾದವೂ ಇವೆ. ಆದರೆ ಕಣ್ಣಂದಾಜಿನಲ್ಲಿ ಹೇಳಬಾರದು. ಕಾಂಕ್ರೀಟನ್ನೇ ಕೇಳಬೇಕು.

ಕೇಳುವ ರೀತಿ ಹೀಗೆ. ಮೊದಲು ಸಣ್ಣ ಸುತ್ತಿಗೆಯಿಂದ ಸ್ಲ್ಯಾಬಿನ ಅಡಿ, ತೊಲೆಯ ಬದಿ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ. ಒಳಗೆ ಪದರ ಬಿಟ್ಟ ಕಡೆ ಟೊಳ್ಳು ಸದ್ದು. ಅಂಥ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಕೆಲವು ಕಡೆ ಉಳಿಯಿಂದ ಕಂಬಿಯವರೆಗೆ ಒಡೆದು, ಧೂಳು ಊದಿ, ಆ ಹೊಸ ಮೈ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಬೇಕು. ಶಾಲೆಯ ಲ್ಯಾಬಿನಲ್ಲಿ ನೋಡಿದ್ದೀರಲ್ವಾ, ಅದೇ. ಕಾಂಕ್ರೀಟ್ ಆರೋಗ್ಯವಾಗಿದ್ದ ಕಡೆ ಕ್ಷಣದಲ್ಲಿ ಗಾಢ ಗುಲಾಬಿ ಬಣ್ಣ ಬರುತ್ತದೆ. ಹೊರಗಿನ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಕ್ಷಾರ ಕಳೆದ ಕಡೆ ಬಣ್ಣವೇ ಬರುವುದಿಲ್ಲ. ಬಣ್ಣ ಬರದ ಪಟ್ಟಿ ಎಷ್ಟು ಮಿಲಿಮೀಟರ್ ಅಂತ ಸ್ಕೇಲಿನಲ್ಲಿ ಅಳೆಯಿರಿ. ಕಂಬಿ 25 ಮಿ.ಮೀ ಒಳಗಿದೆ, ಬಣ್ಣವಿಲ್ಲದ ಪಟ್ಟಿ 10 ಮಿ.ಮೀ ಅಂದರೆ ಇನ್ನೂ ಕಾವಲಿದೆ. ಪಟ್ಟಿ ಕಂಬಿಯನ್ನು ದಾಟಿದ್ದರೆ ಕಾವಲು ಹೋಗಿದೆ. ಅಲ್ಲಿ ತೇವ ಸಿಕ್ಕರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಹೊರಗಿನ ಸಿಮೆಂಟನ್ನು ನೂಕಿ ಉದುರಿಸುತ್ತದೆ. ಮೊದಲ ಸಲ ಪರೀಕ್ಷೆ ನೋಡಿದ ಸದಸ್ಯರು ಆ ಗುಲಾಬಿ ಬಣ್ಣ ಕಂಡು ಸುಮ್ಮನಾದದ್ದನ್ನು ನಾನು ನೋಡಿದ್ದೇನೆ. ಅಲ್ಲಿಂದ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಇದರ ಜೊತೆ ರಿಬೌಂಡ್ ಹ್ಯಾಮರ್ (ಮೈಗೆ ಬಡಿದು ಗಟ್ಟಿತನ ನೋಡುವುದು), ಅಲ್ಟ್ರಾಸಾನಿಕ್ ಪರೀಕ್ಷೆ (ಶಬ್ದದ ಅಲೆ ಕಳಿಸಿ ಒಳಗಿನ ದೋಷ ನೋಡುವುದು), ಕೋರ್ (ಕಾಂಕ್ರೀಟಿನ ಉರುಳೆಯಾಕಾರದ ತುಂಡು) ತೆಗೆದು ಒತ್ತಡ ಪರೀಕ್ಷೆ ಆಗಲಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಿಂದ ಬರಹದಲ್ಲಿ ವರದಿ ತೆಗೆದುಕೊಳ್ಳಿ. ಹೊಸ ಗ್ಯಾಲರಿಯ ವೆಚ್ಚದ ಮುಂದೆ ಈ ಪರೀಕ್ಷೆಗಳ ಖರ್ಚು ಏನೇನೂ ಅಲ್ಲ.

ಇನ್ನೊಂದು ಮಾತು. ಹಳೇ ಕಟ್ಟಡದಲ್ಲಿ ಒಳ್ಳೆಯ ಕೈಕೆಲಸ ಇದ್ದರೆ ಅದನ್ನು ಗುರುತಿಸಿ. ಅಹಮದಾಬಾದಿನ ನವರಂಗಪುರದಲ್ಲಿ 1960ರ ದಶಕದ ಸರ್ದಾರ್ ಪಟೇಲ್ ಸ್ಟೇಡಿಯಂ ಇದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ, ಇಂಜಿನಿಯರ್ ಮಹೇಂದ್ರ ರಾಜ್ ಲೆಕ್ಕ. ಮಡಚಿದ ಕಾಗದದ ಹಾಗೆ ಕಾಣುವ ಕಾಂಕ್ರೀಟ್ ಚಾವಣಿ ಕಂಬವಿಲ್ಲದೆ ಮುಂದಕ್ಕೆ ಚಾಚಿ ನಿಂತಿದೆ. ಭಾರತದ ನೆಲದ ಮೊದಲ ಒನ್‌ಡೇ ಪಂದ್ಯ 1981ರ ನವೆಂಬರ್ 25ರಂದು ನಡೆದದ್ದು ಅಲ್ಲೇ. ಕಟ್ಟಡ ಸೊರಗಿತ್ತು, ಆದರೆ 2020ರಲ್ಲಿ ಅದರ ಸಂರಕ್ಷಣೆಯ ಅಧ್ಯಯನಕ್ಕೆ ಅಮೆರಿಕದ ಗೆಟ್ಟಿ ಫೌಂಡೇಶನ್ ನೆರವು ಕೊಟ್ಟಿತು. ನಿಮ್ಮೂರಿನದು ಅಷ್ಟು ದೊಡ್ಡದಿರಬೇಕಿಲ್ಲ. ಕಲ್ಲಿನ ಮೆಟ್ಟಿಲು, ಹಳೇ ಕಮಾನು, ಊರಿನವರು ಚಂದಾ ಎತ್ತಿ ಹಾಕಿಸಿದ ಶಿಲಾಫಲಕ, ಇವೆಲ್ಲ ಉಳಿಯಲಿ.

ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ

ಇಲ್ಲಿ ಅಳತೆ ಪಟ್ಟಿ ಹಿಡಿಯಲೇಬೇಕು. 400 ಮೀಟರಿನ ಪ್ರಮಾಣಿತ ಟ್ರ್ಯಾಕಿನ ತಿರುವಿನ ತ್ರಿಜ್ಯ 36.5 ಮೀಟರ್, ನೇರ ಭಾಗ 84.39 ಮೀಟರ್, ಒಂದು ಲೇನ್ 1.22 ಮೀಟರ್. ಎಂಟು ಲೇನ್ ಸೇರಿದರೆ ಹೆಚ್ಚುಕಡಿಮೆ 177 ಮೀಟರ್ ಉದ್ದ, 93 ಮೀಟರ್ ಅಗಲದ ಜಾಗ ಬೇಕು. ಅದರ ಒಳಗೆ 105ಕ್ಕೆ 68 ಮೀಟರಿನ ಫುಟ್‌ಬಾಲ್ ಮೈದಾನ ಕಷ್ಟಪಟ್ಟು ಕೂರುತ್ತದೆ. ಮೂಲೆಗಳು ಟ್ರ್ಯಾಕಿನ ಅಂಚಿಗೆ ಬರುತ್ತವೆ.

ಕ್ರಿಕೆಟ್ ಕೂರುವುದಿಲ್ಲ. ದೊಡ್ಡವರ ಪಂದ್ಯಕ್ಕೆ ಪಿಚ್ಚಿನ ನಡುವಿನಿಂದ ಬೌಂಡರಿ ಕನಿಷ್ಠ 59 ಮೀಟರ್ ಬೇಕು. ಟ್ರ್ಯಾಕಿನ ಒಳಗಿನ ಅಗಲವೇ 73 ಮೀಟರ್, ಅಂದರೆ ನಡುವಿನಿಂದ ಒಂದು ಕಡೆಗೆ ಬರೀ 36.5. ಹಾಗಾಗಿ "ಸಿಂಥೆಟಿಕ್ ಟ್ರ್ಯಾಕೂ ಇರುತ್ತೆ, ಕ್ರಿಕೆಟ್ಟೂ ಇರುತ್ತೆ" ಅಂತ ಯಾರಾದರೂ ಭರವಸೆ ಕೊಟ್ಟರೆ ಈ ಎರಡು ಅಂಕಿಗಳನ್ನು ಅವರ ಮುಂದಿಡಿ. ಹುಡುಗರು ಕ್ರಿಕೆಟ್ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಅವರಿಗೆ ಬೇರೆ ಬಯಲು ತೋರಿಸದೆ ಟ್ರ್ಯಾಕ್ ಹಾಕಿದರೆ ಫೀಲ್ಡರುಗಳು ಟ್ರ್ಯಾಕಿನ ಮೇಲೆ ನಿಂತಿರುತ್ತಾರೆ, ಓಡುವವರಿಗೆ ಚೆಂಡು ಬೀಳುತ್ತದೆ, ದಿನಾ ಜಗಳ.

ಕೃತಕ ಹುಲ್ಲಿನ ವಿಷಯದಲ್ಲೂ ಎಚ್ಚರ. ಅದರ ಮೇಲೆ ಜಾವೆಲಿನ್, ಹ್ಯಾಮರ್ ಎಸೆಯಲು ಬಿಡುವುದಿಲ್ಲ. ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಎಸೆತದಲ್ಲೇ ಮುಂದೆ ಬರುವವರು. ಮಧ್ಯದಲ್ಲಿ ನಿಜವಾದ ಹುಲ್ಲು ಇದ್ದರೆ ಫುಟ್‌ಬಾಲೂ ನಡೆಯುತ್ತದೆ, ಎಸೆತವೂ ನಡೆಯುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ.

ನಮ್ಮ ಆಟಗಳಿಗೆ ಬೇಕಾದ ಜಾಗ ಮಾತ್ರ ಆಶ್ಚರ್ಯವಾಗುವಷ್ಟು ಕಡಿಮೆ. ಖೋಖೋಗೆ 27ಕ್ಕೆ 16 ಮೀಟರ್, ಗಂಡಸರ ಕಬಡ್ಡಿಗೆ 13ಕ್ಕೆ 10. ಟ್ರ್ಯಾಕಿನ ಹೊರಗೆ, ಗ್ಯಾಲರಿಯ ಪಕ್ಕದ ಮೂಲೆಗಳಲ್ಲಿ ಇವು ಆರಾಮಾಗಿ ಕೂರುತ್ತವೆ. ಕೆಂಪು ಮಣ್ಣು ಹದ ಮಾಡಿ ಹಾಕಿದರೆ ಸಾಕು. ಕುಸ್ತಿಯ ಅಖಾಡ ಇದ್ದ ಊರಾದರೆ ಅದನ್ನು ಮುಟ್ಟಬೇಡಿ. ಚಾವಣಿ ಬೇಕಾದರೆ ಹಾಕಿಕೊಡಿ.

ಕವಾಯತು ಮತ್ತು ಟ್ರ್ಯಾಕ್

ಜಿಲ್ಲಾ ಕೇಂದ್ರದ ಸ್ಟೇಡಿಯಂ ಆದರೆ ದೊಡ್ಡ ತೊಡಕು ಇದೇ. ಸಿಂಥೆಟಿಕ್ ಟ್ರ್ಯಾಕ್ ಅಂದರೆ ಡಾಂಬರಿನ ಹಾಸಿನ ಮೇಲೆ ಸುಮಾರು 13 ಮಿ.ಮೀ ರಬ್ಬರ್ ಪದರ. ಓಟಗಾರರ ಬೂಟಿನ ಮೊಳೆಗೇ 9 ಮಿ.ಮೀ ಮಿತಿ ಇದೆ. ಅಂಥ ಪದರದ ಮೇಲೆ ಆಗಸ್ಟ್ 15ರಂದು ತೆರೆದ ಜೀಪು ಬರುತ್ತದೆ, ಶಾಮಿಯಾನದ ಗೂಟ ಇಳಿಯುತ್ತದೆ, ಕಬ್ಬಿಣದ ಕುರ್ಚಿಗಳ ಕಾಲು ಊರುತ್ತವೆ. ಪದರ ಒಮ್ಮೆ ಕಿತ್ತರೆ ಕೆಳಗೆ ನೀರು ಹೋಗುತ್ತದೆ, ಅಲ್ಲಿಂದ ಹಪ್ಪಳದಂತೆ ಏಳುತ್ತದೆ. ತೇಪೆ ಹಾಕಲು ಊರಲ್ಲಿ ಯಾರೂ ಇರುವುದಿಲ್ಲ, ದೂರದಿಂದ ಕರೆಸಬೇಕು.

ಕವಾಯತು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಶಾಲೆಮಕ್ಕಳು ಬಣ್ಣದ ಬಟ್ಟೆ ಹಾಕಿಕೊಂಡು ಸಾಲಾಗಿ ಬರುವ ಆ ಬೆಳಗು ಊರಿನ ಆಸ್ತಿ. ನಕ್ಷೆಯಲ್ಲೇ ಅದಕ್ಕೆ ಜಾಗ ಮಾಡಿ. ಜಾಗ ಇದ್ದರೆ ಟ್ರ್ಯಾಕಿನ ಹೊರಗೆ ಗಟ್ಟಿ ಹಾಸಿನ ಒಂದು ಅಂಗಳ ಮಾಡಿ, ಸಭೆ, ಪ್ರದರ್ಶನ, ಸಂತೆ, ನಾಟಕ ಎಲ್ಲ ಅಲ್ಲಿ ನಡೆಯಲಿ. ಅದರಲ್ಲಿ ಪೆಂಡಾಲ್ ಕಂಬಕ್ಕಾಗಿ ಅಳತೆ ಪ್ರಕಾರ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಂಡುಗಳನ್ನು ಕಾಂಕ್ರೀಟಿನಲ್ಲಿ ಹೂತು ಮುಚ್ಚಳ ಹಾಕಿ. ಆಗ ಪ್ರತಿ ಸಲ ಗುಂಡಿ ತೋಡುವ ಕೆಲಸವಿಲ್ಲ. ಜಾಗ ಇಲ್ಲದಿದ್ದರೆ ಒಳಗೆ ಹೋಗಲು ಟ್ರ್ಯಾಕಿಗೆ ಅಡ್ಡವಾಗಿ ಒಂದೇ ದಾರಿ ಗೊತ್ತು ಮಾಡಿ. ಅಲ್ಲಿಗೆ ಹಾಸಲು ರಬ್ಬರ್ ಮ್ಯಾಟು, ಅದರ ಮೇಲೆ ದಪ್ಪ ಪ್ಲೈವುಡ್ ಹಲಗೆ ಖರೀದಿಸಿ ಸ್ಟೋರಿನಲ್ಲಿಡಿ. ಇದು ಟೆಂಡರಿನಲ್ಲೇ ಸೇರಿರಬೇಕು. ಆಮೇಲೆ ಕೊಳ್ಳೋಣ ಅಂದರೆ ಯಾರೂ ಕೊಳ್ಳುವುದಿಲ್ಲ.

ಇದ್ಯಾವುದೂ ಸಾಧ್ಯವಿಲ್ಲ ಅನ್ನುವ ಊರಿಗೆ ನನ್ನ ಸಲಹೆ: ಸಿಂಥೆಟಿಕ್ ಬೇಡ. ಒಳ್ಳೆಯ ಚರಂಡಿ ಇರುವ ಮಣ್ಣಿನ ಟ್ರ್ಯಾಕನ್ನು ನೀರು ಹೊಡೆದು ರೋಲರ್ ಹಾಕಿ ಇಟ್ಟುಕೊಂಡರೆ, ಕಿತ್ತುಹೋದ ಸಿಂಥೆಟಿಕ್‌ಗಿಂತ ಎಷ್ಟೋ ಮೇಲು.

ಗೇಟು, ಕಾಂಪೌಂಡು, ಗೇಟಿನ ಹೊರಗಿನವರು

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅದಾದ ಮೇಲೆ ಯಾವ ಸ್ಟೇಡಿಯಂ ನಕ್ಷೆ ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಗೇಟಿನ ಹೊರಗೆ ಜನ ನಿಲ್ಲಲು ಎಷ್ಟು ಜಾಗ ಬಿಟ್ಟಿದ್ದಾರೆ ಅನ್ನುವ ಕಡೆಗೆ. ಗೇಟು ನೇರ ಫುಟ್‌ಪಾತಿಗೆ ತೆರೆದರೆ ಸರದಿ ರಸ್ತೆಗೇ ಬರುತ್ತದೆ. ಕಾಂಪೌಂಡನ್ನು ಗೇಟಿನ ಹತ್ತಿರ ಒಳಕ್ಕೆ ಸರಿಸಿ ಅಂಗಳ ಬಿಡಿಸಿ.

ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಇಂಜಿನಿಯರ್ ಲೆಕ್ಕ ಕೊಡಲೇಬೇಕು. ಅದನ್ನು ನೀವೇ ಒಂದು ಸಲ ತಾಳೆ ನೋಡಲು ಬ್ರಿಟನ್ನಿನ ಕ್ರೀಡಾಂಗಣ ಮಾರ್ಗಸೂಚಿಯ ಲೆಕ್ಕ ಸುಲಭ. ಒಂದು ಮೀಟರ್ ಅಗಲದ ಮೆಟ್ಟಿಲ ದಾರಿಯಲ್ಲಿ ನಿಮಿಷಕ್ಕೆ 66 ಜನ, ಸಮತಟ್ಟು ದಾರಿಯಲ್ಲಿ 82 ಜನ, ಎಲ್ಲರೂ ಎಂಟು ನಿಮಿಷದಲ್ಲಿ ಹೊರಬರಬೇಕು. 5000 ಜನರ ಗ್ಯಾಲರಿಗೆ ಮೆಟ್ಟಿಲ ದಾರಿಗಳ ಒಟ್ಟು ಅಗಲ ಸುಮಾರು ಒಂಬತ್ತೂವರೆ ಮೀಟರ್ ಆಗುತ್ತದೆ. ಬೀಗ ಹಾಕಿದ ಗೇಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಾಲಿಕುರ್ಚಿಯವರಿಗೆ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅದು ಮುಖ್ಯ ಗೇಟಿನಲ್ಲೇ ಇರಬೇಕು.

ಅಂಬಲಿ ಮಾರುವವರ ವಿಷಯ. ಕೆಲಸ ಶುರುವಾದ ದಿನ ಮೊದಲು ಎಬ್ಬಿಸುವುದು ಅವರನ್ನೇ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ 1925ರಲ್ಲಿ ತೆರೆದ ದೋಂಗ್‌ದೇಮುನ್ ಸ್ಟೇಡಿಯಂ ಕತೆ ಕೇಳಿ. ಚೊಂಗ್ಯೆಚೊನ್ ಹೊಳೆಯ ಪುನರುಜ್ಜೀವನಕ್ಕಾಗಿ ಎಬ್ಬಿಸಿದ ಬೀದಿ ವ್ಯಾಪಾರಿಗಳಿಗೆ ಅದೇ ಸ್ಟೇಡಿಯಂನೊಳಗೆ ಜಾಗ ಕೊಟ್ಟಿದ್ದರು. ಕೆಲವೇ ವರ್ಷಕ್ಕೆ ಸ್ಟೇಡಿಯಂ ಒಡೆದಾಗ ಅಲ್ಲಿಂದಲೂ ಎಬ್ಬಿಸಿದರು. ಅಗೆಯುವಾಗ ನೆಲದಡಿ ಹಳೇ ಕೋಟೆಯ ಗೋಡೆ, ನೀರುಬಾಗಿಲು ಸಿಕ್ಕವು. ಅವನ್ನು ಉಳಿಸಿಕೊಂಡರು. ಹಳೇ ಎರಡು ಲೈಟುಕಂಬಗಳನ್ನೂ ಉಳಿಸಿದರು. 2014ರಲ್ಲಿ ಅಲ್ಲೇ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸದ ಭಾರೀ ಕಟ್ಟಡ ತೆರೆಯಿತು, ಇವತ್ತು ಅಲ್ಲಿ ಜನವೋ ಜನ. ಆದರೆ ಎರಡೆರಡು ಸಲ ಗಂಟುಮೂಟೆ ಕಟ್ಟಿದ ವ್ಯಾಪಾರಿಗಳಿಗೆ ಆದ ನಷ್ಟ ಸಣ್ಣದಲ್ಲ. ನಮ್ಮಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಮೊದಲೇ ವಿಷಯ ಇಟ್ಟು, ಕಾಮಗಾರಿ ನಡೆಯುವಾಗ ಎಲ್ಲಿ, ಮುಗಿದ ಮೇಲೆ ಎಲ್ಲಿ ಅಂತ ಹೆಸರು ಸಮೇತ ಬರೆಸಿಕೊಳ್ಳಿ.

ದೀಪ, ನೀರು

ಹೈಮಾಸ್ಟ್, ಅಂದರೆ ಎತ್ತರದ ಕಂಬದ ದೀಪ, ಹಾಕಿಸುವುದು ಸುಲಭ. ಆದರೆ ದೀಪ ಹಚ್ಚಿದರೂ ಹಚ್ಚದಿದ್ದರೂ ಮಂಜೂರಾದ ಲೋಡಿನ ಮೇಲೆ ತಿಂಗಳ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ವಾಕಿಂಗ್ ದಾರಿ ಮತ್ತು ಶೌಚಾಲಯದ ದೀಪಕ್ಕೆ ಬೇರೆ ಲೈನ್, ಬೇರೆ ಸ್ವಿಚ್ ಇರಲಿ. ಚಾವಣಿಯ ನೀರು ವ್ಯರ್ಥ ಮಾಡಬೇಡಿ. 2000 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿ.ಮೀ ಮಳೆ ಅಂದರೆ 12 ಲಕ್ಷ ಲೀಟರ್ ಬೀಳುತ್ತದೆ. ಸ್ವಲ್ಪ ಪೋಲಾದರೂ ಹುಲ್ಲಿಗೆ ದೊಡ್ಡ ಆಸರೆ.

ಖರ್ಚು ಮತ್ತು ಬೋರ್ಡು

ಕಟ್ಟಲು ಹಣ ಒಮ್ಮೆ ಬರುತ್ತದೆ. ನೋಡಿಕೊಳ್ಳಲು ಪ್ರತಿ ತಿಂಗಳು ಬೇಕು. ಒಬ್ಬ ಮಾಲಿ, ಹಗಲು ರಾತ್ರಿ ವಾಚ್‌ಮನ್, ಶೌಚಾಲಯ ತೊಳೆಯುವವರು, ಕರೆಂಟು, ನೀರು, ಇಷ್ಟನ್ನು ಕೂಡಿಸಿ. ಗ್ಯಾಲರಿಯ ಕೆಳಗೆ ರಸ್ತೆಗೆ ಮುಖ ಮಾಡಿದ ಮಳಿಗೆಗಳ ಬಾಡಿಗೆ ಆ ಖರ್ಚಿಗೆ ಸಾಕಾಗುವಷ್ಟು ಇರಲಿ, ಅದಕ್ಕಿಂತ ಜಾಸ್ತಿ ಮಳಿಗೆ ಬೇಡ. ಒಳಮುಖದ ಕೋಣೆಗಳು ಓದುವ ಕೋಣೆ, ವ್ಯಾಯಾಮ ಶಾಲೆ, ಹೆಣ್ಣುಮಕ್ಕಳ ಬಟ್ಟೆ ಬದಲಿಸುವ ಕೋಣೆಗೆ ಇರಲಿ. ಬಾಡಿಗೆ ಹಣ ಸ್ಟೇಡಿಯಂನದೇ ಬೇರೆ ಖಾತೆಗೆ ಬರಬೇಕು ಅಂತ ಠರಾವು ಮಾಡಿಸಿ. ಸಾಮಾನ್ಯ ನಿಧಿಗೆ ಸೇರಿದರೆ ಬಲ್ಬು ಬದಲಾಯಿಸಲೂ ಫೈಲು ಓಡಾಡುತ್ತದೆ.

ಮೊದಲು ಬರೆದ ನೋಟ್‌ಬುಕ್ ಈಗ ಬೋರ್ಡಾಗಬೇಕು. ಬೆಳಗ್ಗೆ 5ರಿಂದ 9, ಸಂಜೆ 4ರಿಂದ 8, ಈ ಎರಡು ಹೊತ್ತನ್ನು ಯಾವ ಕಾರ್ಯಕ್ರಮಕ್ಕೂ ಬಾಡಿಗೆಗೆ ಕೊಡಬಾರದು, ರಾಷ್ಟ್ರೀಯ ಹಬ್ಬ ಮತ್ತು ಕ್ರೀಡಾಕೂಟ ಬಿಟ್ಟು. ವರ್ಷಕ್ಕೆ ಒಟ್ಟು ಎಷ್ಟು ದಿನ ಕಾರ್ಯಕ್ರಮ ಅನ್ನುವ ಮಿತಿ, ಶುಚಿ ಮಾಡದಿದ್ದರೆ ಮುಟ್ಟುಗೋಲಾಗುವ ಠೇವಣಿ, ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್, ಇವೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಗೇಟಿನ ಮೇಲೆ ಇರಲಿ. ಆ ತಿಂಗಳ ಬುಕಿಂಗ್ ಪಟ್ಟಿಯೂ ಪಕ್ಕದಲ್ಲೇ.

ಕೊನೆಯದಾಗಿ ಗುತ್ತಿಗೆದಾರರ ದೋಷ ಸರಿಪಡಿಸುವ ಅವಧಿ. ಎಷ್ಟು ವರ್ಷ ಅಂತ ಕರಾರಿನಲ್ಲಿ ಓದಿಟ್ಟುಕೊಳ್ಳಿ. ಉದ್ಘಾಟನೆಯ ನಂತರದ ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಹೋಗಿ. ಟ್ರ್ಯಾಕಿನ ಒಳಚರಂಡಿ, ಗ್ಯಾಲರಿಯ ಜಾಯಿಂಟು, ಶೌಚಾಲಯದ ಚಾವಣಿ ಮೂರನ್ನೂ ನೋಡಿ, ಫೋಟೋ ತೆಗೆದು, ಮಾರನೇ ದಿನವೇ ಇಲಾಖೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.